ವಲಸೆಯಲ್ಲ, ತೆರವು

ಕಫ್ರ್ ಜಿನೇದಿ
12 ನವೆಂಬರ್ 1969

ಸನಿಯ್ಯಾಳ ಅಪ್ಪನಿಗೆ,

ನಿಮ್ಮ ಇನ್ಶಿರಾಹಳ ಸಲಾಮು. ಉತ್ತರಕ್ಕೆ ಮೂರು ವಾರ ಹಿಡಿಯಿತು, ಕ್ಷಮಿಸಿ. ಇಲ್ಲಿ ಬರೆಯಲು ಮೇಜು ಸಿಗಬೇಕಾದರೆ ಗಣಿತದ ಪಾಠ ಮುಗಿಯಬೇಕು. ಅಡ್ಡ ಕಟ್ಟಿದ ಕಂಬಳಿಯ ಆಚೆ ಪಾಠ, ಈಚೆ ನಮ್ಮ ಸಂಸಾರ. ಯುದ್ಧವೆಂದು ಸುಯೆಜ್ ಬಿಡಿಸಿ ತಂದು ಕೂರಿಸಿದ ಈ ಶಾಲೆಯ ಐದನೇ ತರಗತಿಯಲ್ಲೇ ಇನ್ನೂ ಇದ್ದೇವೆ. ಎರಡು ವರ್ಷವಾದರೂ ಪಾಸಾಗಿಲ್ಲ.

ಕಾಲುವೆಯಾಚೆಯ ಫಿರಂಗಿಗಳ ಎದುರು ತೈಲದ ಕಾರ್ಖಾನೆ ಕಾಯುತ್ತಿರುವ ನೀವು ಹೊತ್ತಿಗೆ ಸರಿಯಾಗಿ ಉಣ್ಣುತ್ತೀರೆಂದು ನಂಬಿದ್ದೇನೆ. ನಿಮ್ಮ ಅಮ್ಮ ದಿನಾ ಬೆಳಿಗ್ಗೆ ಹಾಸಿಗೆ ಸುತ್ತಿ ಹಗ್ಗ ಬಿಗಿಯುತ್ತಾರೆ. "ಸುಯೆಜ್‌ಗೆ ವಾಪಸ್ ಒಯ್ಯೋ ಲಾರಿ ಬಂದಾಗ ಮುದುಕಿಯಿಂದ ತಡ ಆಯ್ತು ಅನ್ನಿಸ್ಕೋಬಾರ್ದು ನೋಡು" ಎನ್ನುತ್ತಾರೆ.

ಸೋಮವಾರ ವಸತಿ ಕಚೇರಿಯ ಗುಮಾಸ್ತ ಬಸ್ಯೂನಿ ಒಂದು ಅರ್ಜಿ ತಂದ. ಸಹಿ ಹಾಕಿದರೆ ಎರಡು ಕೋಣೆಯ ಮನೆ. ಓದಿದೆ: 'ಸುಯೆಜ್‌ನಿಂದ ವಲಸೆ ಬಂದು ಇಲ್ಲಿ ಕಾಯಂ ನೆಲೆಸಿರುವ ಕುಟುಂಬ.'

"ನಾವು ವಲಸೆ ಬಂದಿಲ್ಲ, ಬಸ್ಯೂನಿ. ನಮ್ಮನ್ನ ತೆರವು ಮಾಡಿಸಿದ್ದು. ಹಾಗೇ ಬರ್ಕೊಳ್ಳಿ."

"ಎರಡೂ ಒಂದೇ ಅಲ್ವಾ ಟೀಚರಮ್ಮ? ಊರು ಬಿಟ್ರಿ, ಅಷ್ಟೇ."

"ವಲಸೆ ಹೋಗೋನು ತಾನಾಗೇ ಹೋಗ್ತಾನೆ. ತೆರವು ಮಾಡಿಸ್ಕೊಂಡೋನು ವಾಪಸ್ ಹೋಗ್ತಾನೆ."

"ಇಂಗ್ಲಿಷರೂ ನಿಮ್ಮ ಕಾಲುವೆ ತೆರವು ಮಾಡಿದ್ರು. ಅವ್ರೂ ವಾಪಸ್ ಬರ್ತಾರಾ?"

"ಐವತ್ತಾರರಲ್ಲಿ ಐದೇ ತಿಂಗಳಿಗೆ ದಂಡೆತ್ತಿ ಬಂದಿದ್ರಲ್ಲ, ಮರ್ತ್ರಾ? ಅವ್ರ ಮನೆ ಅಲ್ಲ, ಅದಕ್ಕೇ ಓಡ್ಸಿದ್ವಿ. ನಮ್ಮ ಮನೆಯಿಂದ ನಮ್ಮನ್ನ ಯಾರು ಓಡಿಸ್ತಾರೆ?"

"ಒಂದು ಪದಕ್ಕೋಸ್ಕರ ಎರಡು ಕೋಣೆ ಕಳ್ಕೋತೀರಾ?"

ಭಾಷೆ ಕಲಿಸುವವಳ ಪದಕ್ಕೆ ಇದುವರೆಗೆ ಯಾರೂ ಇಷ್ಟು ಬೆಲೆ ಕಟ್ಟಿರಲಿಲ್ಲ; ಒಂದು ಕ್ಷಣ ಹಿಗ್ಗಿದೆ. ಆಮೇಲೆ ಕೆಂಪು ಶಾಯಿಯಲ್ಲಿ 'ವಲಸೆ' ಹೊಡೆದುಹಾಕಿ, 'ಕಾಯಂ' ಸುತ್ತ ವೃತ್ತ ಎಳೆದು, ಅಂಚಿನಲ್ಲಿ 'ತಪ್ಪು' ಎಂದು ಬರೆದು ಕೊಟ್ಟೆ.

ಮೂಲೆಯಿಂದ ನಿಮ್ಮ ಅಮ್ಮ, "ಎಷ್ಟು ಅಂಕ ಕೊಟ್ಟೆ?" ಎಂದರು.

"ಸೊನ್ನೆ, ಅತ್ತೆ."

"ಅಕ್ಷರ ದುಂಡಗಿದ್ರೆ ಒಂದು ಕೊಡೇ, ಪಾಪ."

ಬಸ್ಯೂನಿ ನಗುತ್ತಲೇ ಅರ್ಜಿ ಮಡಿಚಿಕೊಂಡ. ಮನೆ ಬೇರೆಯವರ ಪಾಲಾಯಿತು. ಬೈಯುವುದಿದ್ದರೆ ಬೈಯಿರಿ, ನಾಳೆ ನಾಲ್ಕು ಕೋಣೆ ತಂದರೂ ನನ್ನ ಉತ್ತರ ಇದೇ.

ದೇವರು ನಿಮ್ಮ ತಲೆಯ ಮೇಲಿನ ಸೂರನ್ನೂ ಸೂರಿನ ಕೆಳಗಿನ ತಲೆಯನ್ನೂ ಕಾಯಲಿ.

ನಿಮ್ಮ
ಇನ್ಶಿರಾಹ್

ಮರೆತಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ: ನಿನ್ನೆ ಲಸಿಕೆ ಹಾಕಲು ಬಂದ ವೈದ್ಯೆ ಸನಿಯ್ಯಾಳನ್ನು, "ಯಾವೂರು ಪುಟ್ಟಿ?" ಎಂದು ಕೇಳಿದರು. "ಇದೇ ಊರು" ಎಂದಳು, ಇಲ್ಲಿಯವರ ರಾಗದಲ್ಲೇ. ನಾಲ್ಕರಲ್ಲಿ ಹೊರಟವಳಿಗೆ ಈಗ ಆರು. ಪಕ್ಕದಲ್ಲೇ ನಿಂತಿದ್ದ ನಾನು ಅವಳ ಅಂಗಿಯ ತೋಳು ಮೇಲೆ ಸರಿಸಿ ಸೂಜಿಗೆ ಹಿಡಿದೆ. ನೀವು ಅವಳಿಗೇ ಒಂದು ಕಾಗದ ಹಾಕಿ. ನಮ್ಮ ಬೀದಿ, ಬಾಗಿಲಿನ ಬಣ್ಣ, ಮೀನಿನವನ ಕೂಗು, ಎಲ್ಲ ಬರೆಯಿರಿ. ನಾನು ಹೇಳಲು ಕೂತರೆ ಪಾಠವೆಂದು ಆಕಳಿಸುತ್ತಾಳೆ.