ರೂಬಿಗೂ ಒಂದು ಧಾಬಳಿ

ಏನೂಂದ್ರೆ,

ನೀವು ಆಫೀಸಿನಿಂದ ಬರುವಷ್ಟರಲ್ಲಿ ನಾನು ತ್ಯಾಗರಾಜನಗರದಲ್ಲಿ, ಅಕ್ಕನ ಮನೆಯಲ್ಲಿರುತ್ತೇನೆ. ನಾಳೆ ಬೆಳಗಿನ ಜಾವ ಅತ್ತೆಯನ್ನೂ ರೂಬಿಯನ್ನೂ ಗುಡಿಗೆ ನೀವೇ ಕರೆದುಕೊಂಡು ಹೋಗಬೇಕು.

ಮುಖ್ಯವಾದ ಸಮಾಚಾರ: ನಾನು ಗೆದ್ದೆ! ಈ ಚಳಿಯಲ್ಲಿ ಇನ್ನು ರೂಬಿಗೆ ಸ್ನಾನವಿಲ್ಲ. ಧನುರ್ಮಾಸದ ಪೂಜೆಗೆ ಜೊತೆಗೆ ಬರುವ ನಾಯಿ ಮಡಿಯಾಗಿಯೇ ಬರಬೇಕೆಂದು ಅತ್ತೆ ದಿನಾ ತಣ್ಣೀರು ಸುರಿಯುತ್ತಿದ್ದರು, ಪಾಪ, ಅದು ದಾರಿಯುದ್ದಕ್ಕೂ ಗಡಗಡ ನಡುಗುತ್ತಿತ್ತು. ನೀವಂತೂ ಪೇಪರಿನಿಂದ ತಲೆ ಎತ್ತಲಿಲ್ಲ. ಇವತ್ತು ನಾನೇ ಕೇಳಿಬಿಟ್ಟೆ: "ಅತ್ತೆ, ಹೋದ ವರ್ಷ ಜ್ವರ ಬಂದಾಗ ನೀವು ಸ್ನಾನ ಮಾಡ್ದೆ ಧಾಬಳಿ ಉಟ್ಕೊಂಡೇ ಪೂಜೆ ಮಾಡಿದ್ರಲ್ಲ? ಉಣ್ಣೆಗೆ ಮೈಲಿಗೆ ಇಲ್ಲ ಅಂದ್ರಿ. ರೂಬಿಗೂ ಒಂದು ಹೊದಿಸಿದ್ರಾಯ್ತಲ್ಲ?"

ಅತ್ತೆ ಸೀದಾ ಎದ್ದು ಹೋಗಿ, ಮಾವನವರ ಹಳೆಯ ಧಾಬಳಿಯನ್ನು ತಾವೇ ಕತ್ತರಿಸಿ, ಅಂಚು ಮಡಿಸಿ, ಲಾಡಿ ಹೊಲಿದರು!

ಲಾಡಿಯನ್ನು ಹೊಟ್ಟೆಯ ಕೆಳಗೆ ಸಡಿಲವಾಗಿ ಕಟ್ಟಿ. ಖಾಲಿ ಸೈಟುಗಳ ಹುಲ್ಲಿಗೆ ಬಿಡಬೇಡಿ, ಇಬ್ಬನಿಗೆ ಒದ್ದೆಯಾಗುತ್ತದೆ. ಬಂದ ತಕ್ಷಣ ಬೆರಳ ಸಂದಿಯನ್ನೂ ಒರೆಸಿ, ಗಂಜಿ ಬೆಚ್ಚಗೆ ಮಾಡಿ ಕೊಡಿ. ಮರೆಯಬೇಡಿ.

ಇನ್ನೊಂದು. ನಾಳೆ ನಾಲ್ಕೂವರೆಗೇ ಎದ್ದು ನೀವು ಸ್ನಾನ ಮಾಡಲೇಬೇಕು. ನಾನು ಹೇಳುತ್ತಿರುವುದಲ್ಲ, ನಿಮ್ಮ ಅಮ್ಮನ ಅಪ್ಪಣೆ: "ಸ್ನಾನ ಮಾಡ್ದೆ ಅವನು ರೂಬಿನ ಮುಟ್ಟಕೂಡದು ಅಂತ ಬರ್ದಿಡು. ಅದು ಮಡೀಲಿರುತ್ತೆ."