ಮೊಂಡಿಯ ಟಿಸಿಲು

ಅಕ್ಕಾ,

ಎಂದಿನಂತೆ ಮೊಂಡಿಯ ಒಂದು ಟಿಸಿಲು ಇಟ್ಟಿದ್ದೇನೆ. ಅಪ್ಪನ ಹಾಸಿಗೆ ಪಕ್ಕದ ಲೋಟದಲ್ಲಿಡು. ವರ್ಷವಿಡೀ ಎಲೆ ಉದುರಿಸದ ಪೊದೆಗೆ ಅಪ್ಪ ಸರಿಯಾದ ಹೆಸರನ್ನೇ ಇಟ್ಟಿದ್ದಾರೆ. ಈ ಪತ್ರವನ್ನು ಮಾತ್ರ ಅವರಿಗೆ ಓದಿ ಹೇಳಬೇಡ.

ಕಲ್ಲುಗಣಿಯ ಲಾರಿಗಳಿಗೆ ಗುಡ್ಡದ ಮೇಲೆ ದಾರಿ ಮಾಡುತ್ತಾರೆಂದು ತಿಳಿದಾಗ, ಅಲ್ಲಿ ಉಳಿದಿದ್ದ ಹನ್ನೊಂದು ಮೊಂಡಿ ಗಿಡಗಳಿಗೂ ಕೆಂಪು ಬಟ್ಟೆ ಕಟ್ಟಿದೆ. ಅಪ್ಪ ಇಲ್ಲಿ ಕಾವಲಿದ್ದ ಕಾಲದಿಂದ ಕೆಂಪು ಬಟ್ಟೆಯೆಂದರೆ ಮುಟ್ಟಬಾರದು ಎಂದೇ ಅರ್ಥ. ಹೊರಗಿನಿಂದ ಬಂದ ಕೆಲಸಗಾರರಿಗೆ ಅದನ್ನು ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಕೆಲಸ ಶುರುವಾದ ದಿನ ಮಧ್ಯಾಹ್ನ ನಾನು ಹೋಗುವಷ್ಟರಲ್ಲಿ ಹನ್ನೊಂದನ್ನೂ ಕಿತ್ತು ರಾಶಿ ಹಾಕಿದ್ದರು. ಸುತ್ತಲಿನ ಕಳೆ ಹಾಗೇ ಇತ್ತು.

ಮೇಸ್ತ್ರಿ ಒಳ್ಳೆಯವನೇ. "ಗುರುತು ಹಾಕಿದ್ದು ನೀವೇ ಅಲ್ವಾ ಮೇಡಂ? ನಮಗೆ ಕೆಲಸ ಸುಲಭ ಆಯ್ತು," ಅಂದ.

ಎಲ್ಲವನ್ನೂ ಮನೆ ಹಿಂದೆ ನೆಟ್ಟೆ. ಎಲೆ ಹಸಿರಾಗೇ ಇದೆಯಲ್ಲ ಎಂದು ಆರು ವಾರ ನೀರು ಹೊಯ್ದೆ. ನಿನ್ನೆ ಉಗುರಿನಿಂದ ತೊಗಟೆ ಕೆರೆದು ನೋಡಿದರೆ ಒಂದೊಂದೂ ಒಳಗೆ ಸೌದೆಯಾಗಿತ್ತು. ಬೀಜ ತರೋಣವೆಂದರೆ ಈ ಗಿಡ ಬೇರೆಲ್ಲೂ ಇಲ್ಲ.

ಲೋಟದಲ್ಲಿಡಲು ಈಗ ಕಳಿಸಿರುವುದೂ ಅವುಗಳದೇ ಟಿಸಿಲು. ಇನ್ನೂ ಒಂದು ತಿಂಗಳು ಹಸಿರಾಗಿ ಕಾಣುತ್ತದೆ. ಆಮೇಲೆ ಕಳಿಸಲು ಏನೂ ಇಲ್ಲ. ಅಪ್ಪ ಕೇಳಿದರೆ, ಅವಳಿಗೆ ಸೋಮಾರಿತನ, ಗುಡ್ಡ ಹತ್ತುವುದನ್ನೇ ಬಿಟ್ಟಿದ್ದಾಳೆ ಅಂತ ಹೇಳು. ಬಾಯಿತುಂಬ ಬೈಯಲಿ. ನೀನು ನನ್ನ ಪರ ಮಾತಾಡಲು ಹೋಗಬೇಡ.

ನಿನ್ನ ತಂಗಿ