ಕೋಬೆಯ ಶಾವಿಗೆಯವನು

ಮಧುಗಿರಿ, ೧೨ ಆಗಸ್ಟ್ ೧೯೩೬, ಬುಧವಾರ

ಇವತ್ತೂ ಕಥೆ ಮೊದಲ ವಾಕ್ಯ ದಾಟಲಿಲ್ಲ. ನಾಳೆಯ ಟಪಾಲಿಗೆ ಹಾಕದಿದ್ದರೆ ಪತ್ರಿಕೆಯ ವಿಶೇಷಾಂಕದಲ್ಲಿ ನನಗೆ ಜಾಗವಿಲ್ಲ. ರೇಷ್ಮೆ ಕೆಲಸ ಕಲಿಯಲು ಜಪಾನಿಗೆ ಹೋಗಿಬಂದ ನಂದೀಶ್ವರಯ್ಯ ಮಾವ ಕೋಬೆಯ ಶಾವಿಗೆಯವನೊಬ್ಬನ ವಿಷಯ ಹೇಳಿ ನನ್ನ ತಲೆ ಕೆಡಿಸಿದರು. ಹಿಟ್ಟಿನ ಹದ ತುಸು ತಪ್ಪಿದರೂ ಅವನು ಚೆಲ್ಲಿ ಮತ್ತೆ ನಾದುತ್ತಾನಂತೆ. ಅವನಂತೆ ಬರೆಯಬೇಕೆಂದು ನಾನೂ ಬರೆದದ್ದನ್ನೆಲ್ಲ ಹರಿದು ಹಾಕುತ್ತಿದ್ದೇನೆ.

ಸಂಜೆ ಆ ಚೂರುಗಳನ್ನು ಗುಡಿಸುತ್ತ ಮನೆಗೆಲಸದ ಜಗದಾಂಬಕ್ಕ ರೇಗಿದಳು: “ಅಲ್ಲ ಕಣ್ಲಾ, ಆ ಜಪಾನಿನೋನು ಎಷ್ಟ್ ಚೆಲ್ಲಿದ್ರೂ ಊಟದ ಹೊತ್ತಿಗೆ ಬಡಿಸ್ತಾನೆ ತಾನೇ? ನೀನೇನ್ ಬಡಿಸ್ದೆ ಇಷ್ಟ್ ದಿನ? ಬರೀ ಕಸ!”

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ, ಮಾವನ ಮೇಲೆ. ಬಡಿಸುವ ಮಾತನ್ನು ಅವರು ಎತ್ತಲೇ ಇಲ್ಲವಲ್ಲ!

ಮೊದಲ ವಾಕ್ಯ ಇನ್ನೂ ಹಸಿಹಸಿಯಾಗಿದೆ. ಇರಲಿ, ಎರಡನೆಯದಕ್ಕೆ ಹೋಗುತ್ತೇನೆ.